ಹೊಸ ಲೇಖಕರ ಇ-ಪುಸ್ತಕ: ಹೆಸರು ತಿಳಿಯುವುದೆಲ್ಲಿ, ಪುಸ್ತಕ ಸಿಗುವುದೆಲ್ಲಿ

ಮೊಬೈಲಿನಲ್ಲಿ ಓದುವ ಅಭ್ಯಾಸ ಹಚ್ಚಿಕೊಂಡವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಆ್ಯಪ್ ತೆರೆದು ಕನ್ನಡ ವಿಭಾಗಕ್ಕೆ ಹೋದರೆ ಮೇಲುಗಡೆ ಕಾಣುವುದು ಮನೆಯ ಕಪಾಟಿನಲ್ಲಿ ಆಗಲೇ ಇರುವ ಹಿರಿಯರ ಕಾದಂಬರಿಗಳು. ಅದರ ಕೆಳಗೆ ಪರೀಕ್ಷೆಯ ಗೈಡುಗಳು, ವ್ಯಕ್ತಿತ್ವ ವಿಕಸನದ ಅನುವಾದಗಳು. ಮೊದಲ ಸಂಕಲನ ತಂದ ಮದ್ದೂರಿನ ಕತೆಗಾರ್ತಿಯೋ ಕುವೆಂಪುನಗರದ ಕವಿಯೋ ಆ ಪರದೆಗೆ ಬರುವುದೇ ಇಲ್ಲ. ಇದಕ್ಕೆ ಕಾರಣ ಸರಳ. ‘ಇದನ್ನು ಕೊಂಡವರು ಅದನ್ನೂ ಕೊಂಡರು’ ಎಂಬ ಸಲಹೆ ಹುಟ್ಟಬೇಕಾದರೆ ಎರಡನ್ನೂ ಕೊಂಡವರು ಸಾಕಷ್ಟು ಜನ ಇರಬೇಕು. ಹತ್ತಿಪ್ಪತ್ತು ಪ್ರತಿ ಹೋದ ಪುಸ್ತಕದ ಬಗ್ಗೆ ಯಂತ್ರಕ್ಕೆ ಹೇಳಲು ಏನೂ ಇರುವುದಿಲ್ಲ. ಹಾಗಾಗಿ ಮಾರಾಟವಾದದ್ದನ್ನೇ ತಿರುತಿರುಗಿ ತೋರಿಸುತ್ತದೆ.

ಆದ್ದರಿಂದ ಮೈಸೂರು–ಮಂಡ್ಯ ಕಡೆಯ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಎರಡು ಕೆಲಸವನ್ನು ಬೇರೆಬೇರೆ ಮಾಡಿದ್ದೇವೆ. ಹೊಸ ಲೇಖಕರ ಹೆಸರು ತಿಳಿಯುವ ಜಾಗಗಳು ಮೊದಲು, ಅವರ ಪುಸ್ತಕ ಕೈಗೆ ಸಿಗುವ ಜಾಗಗಳು ಆಮೇಲೆ. ಕನ್ನಡದ ಮಟ್ಟಿಗೆ ಎರಡೂ ಒಂದೇ ಕಡೆ ನಡೆಯುವುದು ಪ್ರತಿಲಿಪಿಯಂಥ ಒಂದೆರಡು ತಾಣಗಳಲ್ಲಿ ಮಾತ್ರ, ಅಲ್ಲಿಗೂ ಅಲ್ಲಿಯದೇ ತಾಪತ್ರಯಗಳಿವೆ.

ಪತ್ರಿಕೆಯೋ, ಸ್ಪರ್ಧೆಯ ಪಟ್ಟಿಯೋ?

ಹೊಸಬರನ್ನು ಗುರುತಿಸಲು ಅಚ್ಚಿನ ಪತ್ರಿಕೆ ಈಗಲೂ ಮುಂದಿದೆ. ಭಾನುವಾರದ ಪುರವಣಿ, ಮಯೂರ, ತುಷಾರ, ಸುಧಾ ಒಂದು ಕಡೆ. ಅಂತರ್ಜಾಲದಲ್ಲಿ ಕೆಂಡಸಂಪಿಗೆ, ಅವಧಿ, ಋತುಮಾನ ಇನ್ನೊಂದು ಕಡೆ. ಇಲ್ಲಿ ಬಂದ ಕತೆ ಒಬ್ಬ ಸಂಪಾದಕರ ಕಣ್ಣು ದಾಟಿ ಬಂದಿರುತ್ತದೆ, ನಿಮಗೂ ಅರ್ಧಂಬರ್ಧ ತುಣುಕಿನ ಬದಲು ಇಡೀ ಕತೆಯೇ ಓದಲು ಸಿಗುತ್ತದೆ. ಅಂಗಡಿ ಕೊಡುವ ಮಾದರಿ ಪುಟಗಳಿಗಿಂತ ಇದು ಎಷ್ಟೋ ಮೇಲು. ಕೊರತೆ ಎಂದರೆ ಕಾಲ: ಪುರವಣಿಯಲ್ಲಿ ಮೊದಲ ಕತೆ ಬಂದ ಲೇಖಕರ ಸಂಕಲನ ಹೊರಬರಲು ವರ್ಷಗಳೇ ಬೇಕಾಗಬಹುದು. ಅಷ್ಟರಲ್ಲಿ ಹೆಸರು ಮರೆತಿರುತ್ತೀರಿ. ಕತೆ ಹಿಡಿಸಿದ ಕೂಡಲೇ ಫೋನಿನ ಟಿಪ್ಪಣಿಯಲ್ಲಿ ಲೇಖಕರ ಹೆಸರು, ಕತೆಯ ಹೆಸರು, ಕೊನೆಯಲ್ಲಿ ಕೊಟ್ಟ ಪರಿಚಯದ ಊರು, ಈ ಮೂರನ್ನೂ ಬರೆದಿಡಿ. ಊರು ಯಾಕೆಂದರೆ ಒಂದೇ ಹೆಸರಿನ ನಾಲ್ಕು ಲೇಖಕರು ಕನ್ನಡದಲ್ಲಿ ಸಾಮಾನ್ಯ.

ಬಿಡಿ ಕತೆಗಳನ್ನು ಹಿಂಬಾಲಿಸುವಷ್ಟು ವ್ಯವಧಾನ ಇಲ್ಲದವರಿಗೆ ಸ್ಪರ್ಧೆ ಮತ್ತು ಪುರಸ್ಕಾರಗಳ ಪಟ್ಟಿ ಹತ್ತಿರದ ದಾರಿ. ಪ್ರಜಾವಾಣಿ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ ಇದರಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ‘ಛಂದ ಪುಸ್ತಕ’ ಪ್ರಕಾಶನ ಬಹುಮಾನ ಕೊಡುವುದು ಹೊಸ ಕತೆಗಾರರ ಹಸ್ತಪ್ರತಿಗೆ. ಗೆದ್ದ ಸಂಕಲನವನ್ನು ಆ ಪ್ರಕಾಶನವೇ ಅಚ್ಚು ಹಾಕುತ್ತದೆ, ಅಂದರೆ ಹೆಸರು ತಿಳಿದ ವರ್ಷವೇ ಪುಸ್ತಕವೂ ಸಿಗುವ ಸಾಧ್ಯತೆ ಹೆಚ್ಚು. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 2011ರಿಂದ ಇದೆ, 35 ವರ್ಷದ ಒಳಗಿನವರಿಗೆ. ಅಷ್ಟಾಗಿ ಯಾರೂ ನೋಡದ, ಆದರೆ ನಮ್ಮ ಲೆಕ್ಕದಲ್ಲಿ ಬಹಳ ಉಪಯೋಗದ ಪಟ್ಟಿ ಇನ್ನೊಂದಿದೆ: ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಕೊಡುವ ಪ್ರೋತ್ಸಾಹಧನದ ಪಟ್ಟಿ. ಹೆಸರೇ ಹೇಳುವ ಹಾಗೆ ಅದರಲ್ಲಿರುವವರೆಲ್ಲ ಮೊದಲ ಪುಸ್ತಕದವರು. ಗುಣದಲ್ಲಿ ಏರುಪೇರು ಇದ್ದೇ ಇರುತ್ತದೆ, ಆದರೆ ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯ ಹೊಸಬರ ಹೆಸರುಗಳನ್ನು ಒಂದೇ ಕಾಗದದಲ್ಲಿ ಹುಡುಕಬೇಕೆಂದರೆ ಇದರಲ್ಲಿ ಹುಡುಕಿ.

ಪಟ್ಟಿ ಓದುವಾಗ ಒಂದು ಕಿವಿಮಾತು. ಮೊದಲ ಬಹುಮಾನದವರ ಹೆಸರು ಹೇಗೂ ಸುದ್ದಿಯಾಗುತ್ತದೆ. ‘ಮೆಚ್ಚುಗೆ ಪಡೆದ ಕತೆಗಳು’, ‘ಅಂತಿಮ ಸುತ್ತಿನ ಹಸ್ತಪ್ರತಿಗಳು’ ಎಂದು ಕೆಳಗೆ ಸಣ್ಣಕ್ಷರದಲ್ಲಿ ಬಂದಿರುವವರನ್ನು ನೋಡಿ. ತೀರ್ಪುಗಾರರು ಮೂವರಿದ್ದರೆ ಮೊದಲ ಸ್ಥಾನಕ್ಕೆ ಹೋಗುವುದು ಅನೇಕ ವೇಳೆ ಮೂವರಿಗೂ ಒಪ್ಪಿಗೆಯಾದ ಕತೆ. ಒಬ್ಬರಿಗೆ ವಿಪರೀತ ಹಿಡಿಸಿ ಇನ್ನೊಬ್ಬರಿಗೆ ಬೇಡವಾದ ಕತೆ ನಾಲ್ಕನೆಯದೋ ಐದನೆಯದೋ ಆಗಿ ಉಳಿದಿರುತ್ತದೆ. ಹೊಸ ದನಿ ಬೇಕೆನ್ನುವವರು ಅಂಥದ್ದನ್ನೇ ಮೊದಲು ಓದಬೇಕು.

ಹೆಸರು ಸಿಕ್ಕ ಮೇಲೆ ಬುಕ್ ಬ್ರಹ್ಮ ತಾಣದಲ್ಲಿ ಒಮ್ಮೆ ನೋಡಿ. ಅಲ್ಲಿ ಲೇಖಕರ ಪುಟ, ಪುಸ್ತಕದ ಪುಟ, ಪ್ರಕಾಶಕರ ಹೆಸರು ಸಿಗುತ್ತವೆ. ಪ್ರಕಾಶಕರು ಯಾರೆಂದು ಗೊತ್ತಾದರೆ ಇ-ಪುಸ್ತಕ ಇದೆಯೋ ಇಲ್ಲವೋ ಎಂದು ಅರ್ಧ ಊಹಿಸಬಹುದು. ಕೆಲವು ಪ್ರಕಾಶನಗಳು ಅಚ್ಚಿನ ಹಿಂದೆಯೇ ಇ-ಪುಸ್ತಕ ತರುತ್ತವೆ, ಕೆಲವು ಅಚ್ಚಿನ ಪ್ರತಿ ಮುಗಿಯುವವರೆಗೂ ಅದರ ಮಾತೇ ಎತ್ತುವುದಿಲ್ಲ.

ಪ್ರತಿಲಿಪಿ: ಓದುಗರೇ ಆರಿಸುವ ಕಡೆ

ಬೆಂಗಳೂರಿನಲ್ಲಿ 2014ರಲ್ಲಿ ಶುರುವಾದ ಪ್ರತಿಲಿಪಿಯಲ್ಲಿ ಸಂಪಾದಕರಿಲ್ಲ. ಯಾರು ಬೇಕಾದರೂ ಬರೆದು ಹಾಕಬಹುದು. ಓದಿದವರ ಸಂಖ್ಯೆ, ನಕ್ಷತ್ರ, ಅಭಿಪ್ರಾಯ ಎಲ್ಲವೂ ಕತೆಯ ಜೊತೆಗೇ ಕಾಣುತ್ತವೆ. ಪುಸ್ತಕ ಇನ್ನೂ ಬಾರದ ಲೇಖಕರನ್ನು ಬರೆಯುವಾಗಲೇ ಹಿಡಿಯಬೇಕೆಂದರೆ ಇದು ಒಳ್ಳೆಯ ಜಾಗ. ಹಳ್ಳಿಗಳಿಂದ, ಅಡುಗೆಮನೆಗಳಿಂದ, ರಾತ್ರಿ ಪಾಳಿಯ ಕೆಲಸಗಳಿಂದ ಬರುವ ಬರವಣಿಗೆ ಇಲ್ಲಿ ಸಿಗುವಷ್ಟು ಪುರವಣಿಗಳಲ್ಲಿ ಸಿಗುವುದಿಲ್ಲ.

ತಾಪತ್ರಯ ಇರುವುದು ಎಣಿಕೆಯಲ್ಲಿ. ದಿನಕ್ಕೊಂದು ಕಂತು ಹಾಕುವ ಧಾರಾವಾಹಿಗೆ ಪ್ರತಿ ಕಂತಿಗೂ ಓದು ಸೇರುತ್ತಾ ಹೋಗುತ್ತದೆ. ಒಂದೇ ಬಾರಿಗೆ ಮುಗಿಯುವ ಸಣ್ಣಕತೆಗೆ ಆ ಭಾಗ್ಯವಿಲ್ಲ. ಹಾಗಾಗಿ ಪಟ್ಟಿಯ ಮೇಲ್ಭಾಗದಲ್ಲಿ ಪ್ರೇಮದ, ಸಂಸಾರದ ಉದ್ದನೆಯ ಧಾರಾವಾಹಿಗಳೇ ತುಂಬಿರುತ್ತವೆ. ಅವು ಇಷ್ಟವಾದರೆ ನಿಮ್ಮ ಹುಡುಕಾಟ ಅಲ್ಲಿಗೇ ಮುಗಿಯಿತು. ಬೇರೇನಾದರೂ ಬೇಕಿದ್ದರೆ ಮುಖಪುಟ ಬಿಟ್ಟು ವಿಭಾಗಗಳಿಗೆ ಇಳಿಯಿರಿ. ನಕ್ಷತ್ರಗಳ ಸರಾಸರಿ ನೋಡಬೇಡಿ, ಎಲ್ಲಕ್ಕೂ ನಾಲ್ಕೂವರೆಯ ಮೇಲೆಯೇ ಇರುತ್ತದೆ ಎಂದರೂ ತಪ್ಪಿಲ್ಲ. ಅಭಿಮಾನಿಗಳು ಕೊಡುವ ಅಂಕ ಅದು. ಅಭಿಪ್ರಾಯಗಳಲ್ಲಿ ‘ಸೂಪರ್ ಮೇಡಂ, ಮುಂದಿನ ಭಾಗ ಬೇಗ ಹಾಕಿ’ ಎಂಬುದನ್ನು ಬಿಟ್ಟು, ಪಾತ್ರದ ಹೆಸರು ಹಿಡಿದು ಮಾತಾಡಿದ ಎರಡು ಅಭಿಪ್ರಾಯ ಸಿಕ್ಕರೆ ಆ ಕತೆಯನ್ನು ತೆರೆಯಬಹುದು.

ಧಾರಾವಾಹಿ ಹಿಡಿಯುವ ಮೊದಲು ಅದು ಮುಗಿದಿದೆಯೇ ನೋಡಿಕೊಳ್ಳಿ. 60 ಕಂತು ಓದಿ 61ನೆಯದು ಎಂದೂ ಬಾರದಿದ್ದರೆ ಕೇಳುವವರಿಲ್ಲ. ಕೆಲವು ಧಾರಾವಾಹಿಗಳ ಮುಂದಿನ ಭಾಗಕ್ಕೆ ಕಾಯಬೇಕು ಅಥವಾ ಹಣ ಕೊಡಬೇಕು, ಅದೂ ಮೊದಲೇ ತಿಳಿದಿರಲಿ. ಇಲ್ಲಿ ಕೊಟ್ಟ ಹಣಕ್ಕೆ ಸಿಗುವುದು ಓದುವ ಹಕ್ಕು ಮಾತ್ರ, ಇಟ್ಟುಕೊಳ್ಳಲು ಪುಸ್ತಕದ ಫೈಲ್ ಸಿಗುವುದಿಲ್ಲ.

ಗುಡ್‌ರೀಡ್ಸ್, ಇನ್‌ಸ್ಟಾಗ್ರಾಂ ಮತ್ತು ಸಭಾಂಗಣ

ಗುಡ್‌ರೀಡ್ಸ್ ಓದುಗರು ಪುಸ್ತಕಗಳ ಬಗ್ಗೆ ಅಭಿಪ್ರಾಯ ಬರೆಯುವ ತಾಣ, 2013ರಿಂದ ಅಮೆಜಾನ್ ಕೈಯಲ್ಲಿದೆ. ಇಂಗ್ಲಿಷ್ ಓದುಗರಿಗೆ ಇದಕ್ಕಿಂತ ದೊಡ್ಡ ಕೈಪಿಡಿ ಇಲ್ಲ, ಕನ್ನಡಕ್ಕೆ ಬಂದರೆ ತೆಳು. ಒಂದೇ ಕಾದಂಬರಿ ಕನ್ನಡ ಲಿಪಿಯಲ್ಲಿ ಒಂದು, ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು ಎಂದು ಎರಡು ಪುಟಗಳಲ್ಲಿ ಬಿದ್ದಿರುತ್ತದೆ, ಅಭಿಪ್ರಾಯಗಳೂ ಎರಡಾಗಿ ಹಂಚಿಹೋಗಿರುತ್ತವೆ. ಆದರೂ ಒಂದು ಉಪಾಯಕ್ಕೆ ಇದು ಒದಗುತ್ತದೆ. ನಿಮಗೆ ಬಹಳ ಹಿಡಿಸಿದ, ಹೆಚ್ಚು ಜನಕ್ಕೆ ಗೊತ್ತಿಲ್ಲದ ಕನ್ನಡ ಪುಸ್ತಕವೊಂದರ ಪುಟ ತೆರೆದು ಅಲ್ಲಿ ಉದ್ದಕ್ಕೆ ಬರೆದ ಒಬ್ಬ ಓದುಗರನ್ನು ಹಿಡಿಯಿರಿ, ಅವರು ಓದಿದ ಪುಸ್ತಕಗಳ ‘ಕಪಾಟು’ ತೆರೆಯಿರಿ. ಒಂದೇ ರುಚಿಯ ಇಬ್ಬರು ಓದುಗರು ಸಿಕ್ಕರೆ ಯಂತ್ರದ ಸಲಹೆ ಬೇಕಾಗುವುದಿಲ್ಲ.

ಇನ್‌ಸ್ಟಾಗ್ರಾಂನಲ್ಲಿ ಮುಖಪುಟದ ಚಿತ್ರ ಚೆನ್ನಾಗಿ ಕಾಣುತ್ತದೆ, ಪುಸ್ತಕದ ಒಳಗಿನದು ಕಾಣುವುದಿಲ್ಲ. ಪ್ರತಿ ಉಚಿತವಾಗಿ ಪಡೆದು ಬರೆದವರು ಅದನ್ನು ಹೇಳುತ್ತಾರೋ ಇಲ್ಲವೋ ಗಮನಿಸಿ. ಒಂದು ಪರಿಚ್ಛೇದವನ್ನಾದರೂ ಓದಿ ಹೇಳುವ ಖಾತೆಗಳನ್ನು ಮಾತ್ರ ಹಿಂಬಾಲಿಸಿದರೆ ಸಾಕು.

ಮೈಸೂರು–ಮಂಡ್ಯದವರಿಗೆ ಇರುವ ಅನುಕೂಲ ಸಭಾಂಗಣ. ಮೈಸೂರಿನ ಕಲಾಮಂದಿರದ ಆವರಣ, ಮಂಡ್ಯದ ಕರ್ನಾಟಕ ಸಂಘ, ಕಾಲೇಜುಗಳ ಸಭಾಂಗಣ, ಎಲ್ಲಾದರೂ ಪುಸ್ತಕ ಬಿಡುಗಡೆ ನಡೆಯುತ್ತಲೇ ಇರುತ್ತದೆ. ಊರಿನ ಪತ್ರಿಕೆಯಲ್ಲಿ ‘ನಗರದಲ್ಲಿ ಇಂದು’ ನೋಡಿದರೆ ಸಾಕು. ಸಾಹಿತ್ಯ ಸಮ್ಮೇಳನ ಹತ್ತಿರ ಬಂದರಂತೂ ಸರಿಯೇ ಸರಿ: 2017ರ ನವೆಂಬರಿನಲ್ಲಿ 83ನೆಯದು ಮೈಸೂರಿನಲ್ಲಿ, 2024ರ ಡಿಸೆಂಬರಿನಲ್ಲಿ 87ನೆಯದು ಮಂಡ್ಯದಲ್ಲಿ ನಡೆಯಿತು. ಇಂಥ ಕಡೆ ದೊಡ್ಡ ಪ್ರಕಾಶಕರ ಮಳಿಗೆಗಳಲ್ಲಿ ನೂಕುನುಗ್ಗಲು. ತಮ್ಮದೇ ಒಂದೆರಡು ಪುಸ್ತಕ ಇಟ್ಟುಕೊಂಡು ಕೂತ ಲೇಖಕರನ್ನು ಸಾಲಿನ ಕೊನೆಯಲ್ಲಿ ಹುಡುಕಬೇಕು. ಪುಸ್ತಕ ಕೊಳ್ಳದಿದ್ದರೂ ಅವರನ್ನು ಕೇಳಿ ಎರಡು ಪುಟದ ಚಿತ್ರ ತೆಗೆದುಕೊಳ್ಳಿ: ಶೀರ್ಷಿಕೆಯ ಪುಟ ಮತ್ತು ಅದರ ಬೆನ್ನಿಗಿರುವ ಹಕ್ಕುಗಳ ಪುಟ. ಎರಡನೆಯದರಲ್ಲಿ ಪ್ರಕಾಶಕರ ವಿಳಾಸ, ಮುದ್ರಣದ ವರ್ಷ, ಪುಟಸಂಖ್ಯೆ, ಬೆಲೆ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಎಲ್ಲ ಒಟ್ಟಿಗೆ ಇರುತ್ತವೆ. ಇ-ಪುಸ್ತಕ ಹುಡುಕಲು ಬೇಕಾದ್ದೆಲ್ಲ ಅಷ್ಟೇ.

ಕೊಳ್ಳುವ ಜಾಗಗಳು

ಮೊದಲು ಅಮೆಜಾನ್‌ನ ಕಿಂಡಲ್ ಬಗ್ಗೆ ಸ್ಪಷ್ಟವಾಗಿ ಹೇಳಿಬಿಡಬೇಕು, ಯಾಕೆಂದರೆ ಇ-ಪುಸ್ತಕ ಎಂದರೆ ಕಿಂಡಲ್ ಎಂದೇ ಹಲವರು ತಿಳಿದಿದ್ದಾರೆ. 2016ರ ಕೊನೆಯಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅದರಿಂದಾಗಿ ಕನ್ನಡದ ಸ್ವತಂತ್ರ ಲೇಖಕರು ಗೂಗಲ್ ಪ್ಲೇ ಬುಕ್ಸ್ ಕಡೆಗೂ ಕನ್ನಡದ್ದೇ ಆ್ಯಪ್‌ಗಳ ಕಡೆಗೂ ಹೊರಳಿದರು. ಕನ್ನಡ ಓದಲೆಂದೇ ಕಿಂಡಲ್ ಸಾಧನ ಕೊಳ್ಳಲು ಹೊರಟಿದ್ದರೆ ಒಂದು ಸಲ ಯೋಚಿಸಿ. ಇಂಗ್ಲಿಷಿನಲ್ಲಿ ಬರೆಯುವ ಮೈಸೂರಿನ ಲೇಖಕರನ್ನು ಓದುವವರಿಗೆ ಮಾತ್ರ ಕಿಂಡಲ್ಲೇ ಮೊದಲ ಜಾಗ. ಅಲ್ಲಿಯೂ ಒಂದು ಕಟ್ಟುಪಾಡು ಇದೆ: ತಿಂಗಳ ಚಂದಾದ ಕಿಂಡಲ್ ಅನ್‌ಲಿಮಿಟೆಡ್‌ಗೆ ಸೇರಿಸಿದ ಸ್ವಪ್ರಕಾಶಿತ ಇ-ಪುಸ್ತಕವನ್ನು ಲೇಖಕರು 90 ದಿನಗಳ ಅವಧಿಗೆ ಬೇರೆ ಯಾವ ಇ-ಅಂಗಡಿಯಲ್ಲೂ ಮಾರುವಂತಿಲ್ಲ. ಅವಧಿ ಮುಗಿದಾಗಲೆಲ್ಲ ಮುಂದುವರಿಸಬಹುದು, ಬಿಡಬಹುದು. ಹುಡುಕಿದ ಇಂಗ್ಲಿಷ್ ಪುಸ್ತಕ ಗೂಗಲ್‌ನಲ್ಲಿ ಸಿಗಲಿಲ್ಲವೆಂದರೆ ಬಹುತೇಕ ಇದೇ ಕಾರಣ, ಮೂರು ತಿಂಗಳು ಬಿಟ್ಟು ಮತ್ತೆ ನೋಡಿ.

ಗೂಗಲ್ ಪ್ಲೇ ಬುಕ್ಸ್‌ನ ಅನುಕೂಲ ಎಂದರೆ ಆ್ಯಂಡ್ರಾಯ್ಡ್ ಫೋನಿದ್ದರೆ ಬೇರೆ ಖಾತೆ ಬೇಡ, ಯುಪಿಐಯಲ್ಲಿ ಹಣ ಕಟ್ಟಬಹುದು, ಐಎಸ್‌ಬಿಎನ್ ಇಲ್ಲದ ಪುಸ್ತಕಕ್ಕೂ ಅಲ್ಲಿ ಜಾಗ ಇದೆ. ಅನನುಕೂಲವೂ ಅದರಲ್ಲೇ ಇದೆ: ಯಾರು ಬೇಕಾದರೂ ಹಾಕಬಹುದಾದ್ದರಿಂದ ಕರಡು ತಿದ್ದದ ಪುಸ್ತಕಗಳೂ ಧಾರಾಳ. ಮೈಲ್ಯಾಂಗ್ ಮತ್ತು ವಿವಿಡ್‌ಲಿಪಿ ಕನ್ನಡಕ್ಕೆಂದೇ ಕಟ್ಟಿದವು, ಓದುವ ಪುಸ್ತಕದ ಜೊತೆ ಕೇಳುವ ಪುಸ್ತಕವೂ ಇವೆ. ಪ್ರಕಾಶಕರ ಮೂಲಕ ಬಂದ ಪುಸ್ತಕಗಳು ಹೆಚ್ಚಾದ್ದರಿಂದ ಅಕ್ಷರದೋಷದ ಕಾಟ ಕಡಿಮೆ. ಮೊದಲ ಪರದೆಯಲ್ಲೇ ಕನ್ನಡ ಇರುವುದರಿಂದ ಸುಮ್ಮನೆ ಕಣ್ಣಾಡಿಸಲೂ ಇವು ಹಿತ. ಬೆಂಗಳೂರಿನ ಪೋಥಿ ಡಾಟ್ ಕಾಮ್ ಬೇಡಿಕೆ ಬಂದಷ್ಟೇ ಪ್ರತಿ ಮುದ್ರಿಸಿ ಕೊಡುವ ಸಂಸ್ಥೆ, ಇ-ಪುಸ್ತಕವನ್ನೂ ಮಾರುತ್ತದೆ. ನಿವೃತ್ತ ಮೇಷ್ಟ್ರುಗಳ ಊರಿನ ಇತಿಹಾಸ, ಕುಟುಂಬದ ನೆನಪು, ಪ್ರವಾಸದ ಬರಹ ಇಂಥವು ಬೇಕಿದ್ದರೆ ಅಲ್ಲಿ ಹುಡುಕಬೇಕು.

ಆ್ಯಪ್‌ನಲ್ಲಿ ಕೊಂಡ ಪುಸ್ತಕ ಆ ಆ್ಯಪ್ ಇರುವಷ್ಟು ದಿನದ್ದು ಎಂಬುದು ನೆನಪಿರಲಿ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಹಣವನ್ನೇನೋ ಹಿಂದಿರುಗಿಸಿತು, ಕೊಂಡ ಪುಸ್ತಕಗಳು ಮಾತ್ರ ಯಾರಿಗೂ ತೆರೆಯಲಿಲ್ಲ. ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲಿನಲ್ಲಿ ಸಾಧನಕ್ಕೆ ಹಾಕುವ ಸೌಲಭ್ಯವನ್ನು ಕಿಂಡಲ್ 2025ರ ಫೆಬ್ರವರಿಯಲ್ಲಿ ತೆಗೆದುಹಾಕಿತು. ಗೂಗಲ್‌ನಲ್ಲಿ ಪ್ರಕಾಶಕರು ಬೀಗ ಹಾಕದ ಪುಸ್ತಕವಾದರೆ ಇಪಬ್ (ಪರದೆಗೆ ತಕ್ಕಂತೆ ಸಾಲು ಹೊಂದಿಕೊಳ್ಳುವ ಕಡತ) ಅಥವಾ ಪಿಡಿಎಫ್ (ಅಚ್ಚಿನ ಪುಟದಂತೆಯೇ ಇರುವ ಕಡತ) ಆಗಿ ಇಳಿಸಿಕೊಳ್ಳಬಹುದು. ಮತ್ತೆ ಮತ್ತೆ ಓದುವಂಥ ಪುಸ್ತಕಕ್ಕೆ ಈ ವ್ಯತ್ಯಾಸ ದೊಡ್ಡದು, ಒಮ್ಮೆ ಓದಿ ಬಿಡುವ ಪತ್ತೇದಾರಿಗೆ ಲೆಕ್ಕಕ್ಕಿಲ್ಲ.

ಇದ್ದೂ ಸಿಗದ ಪುಸ್ತಕ

ಹೆಸರು ಗೊತ್ತು, ಅಂಗಡಿಯೂ ಗೊತ್ತು, ಹುಡುಕಿದರೆ ಏನೂ ಬರುವುದಿಲ್ಲ. ಕನ್ನಡ ಇ-ಪುಸ್ತಕದಲ್ಲಿ ಇದು ದಿನನಿತ್ಯದ ಗೋಳು. ಪುಸ್ತಕ ಹಾಕುವಾಗ ಲೇಖಕರು ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ತಮಗೆ ತೋಚಿದಂತೆ ಬರೆದಿರುತ್ತಾರೆ. ದೀರ್ಘಕ್ಕೆ ಒಬ್ಬರು ಎರಡು ಎ ಹಾಕಿದರೆ ಇನ್ನೊಬ್ಬರು ಒಂದೇ ಹಾಕುತ್ತಾರೆ. ತಕಾರದ ಮುಂದೆ ಎಚ್ ಇಡುವವರು, ಬಿಡುವವರು. ‘ಕ್ಷ’ಕ್ಕೆ ಎಕ್ಸ್ ಬರೆಯುವವರು, ಕೆ ಎಸ್ ಎಚ್ ಬರೆಯುವವರು. ಮಂಡ್ಯದ ಆಡುಮಾತಿನಲ್ಲೇ ಶೀರ್ಷಿಕೆ ಇಟ್ಟ ಪುಸ್ತಕವಾದರೆ ಫೋನಿನ ಕೀಲಿಮಣೆ ಅದನ್ನು ತಾನೇ ‘ತಿದ್ದಿ’ ಗ್ರಂಥಭಾಷೆ ಮಾಡಿ ಕೆಡಿಸುತ್ತದೆ.

ಹುಡುಕುವ ಕ್ರಮ ಹೀಗಿರಲಿ. ಮೊದಲು ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿ ಹಾಕಿ. ಸಿಗದಿದ್ದರೆ ಲೇಖಕರ ಹೆಸರು ಮಾತ್ರ, ಇನಿಷಿಯಲ್ ಬಿಟ್ಟು. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಬಗೆ. ಅದೂ ಆಗದಿದ್ದರೆ ಹಕ್ಕುಗಳ ಪುಟದಲ್ಲಿದ್ದ 13 ಅಂಕಿಯ ಐಎಸ್‌ಬಿಎನ್ ಅನ್ನು ಅಡ್ಡಗೆರೆ ಇಲ್ಲದೆ ಹಾಕಿ; ಭಾರತದ್ದು 978ರ ನಂತರ 81 ಅಥವಾ 93ರಿಂದ ಶುರುವಾಗುತ್ತದೆ. ಅಚ್ಚಿನ ಪುಸ್ತಕಕ್ಕೂ ಇ-ಪುಸ್ತಕಕ್ಕೂ ಬೇರೆಬೇರೆ ಸಂಖ್ಯೆ ಇರಬಹುದಾದ್ದರಿಂದ ಇದು ಕೈಕೊಟ್ಟರೆ ಪುಸ್ತಕವೇ ಇಲ್ಲ ಎಂದುಕೊಳ್ಳಬೇಡಿ. ಕೊನೆಯ ಉಪಾಯ ಪ್ರಕಾಶನದ ಹೆಸರು. ಅದರಿಂದ ಹುಡುಕಿದರೆ ಬೇಕಾದ ಪುಸ್ತಕದ ಜೊತೆ ಅದೇ ಪ್ರಕಾಶನದ ಇನ್ನೂ ನಾಲ್ಕು ಹೊಸಬರು ಕಣ್ಣಿಗೆ ಬೀಳುತ್ತಾರೆ, ಹುಡುಕಾಟದ ನಿಜವಾದ ಲಾಭ ಬರುವುದೇ ಇಲ್ಲಿ.

ಮಾದರಿ ಪುಟಗಳನ್ನು ನಂಬುವುದೆಷ್ಟು

ಕಿಂಡಲ್‌ನಲ್ಲಿ ಮಾದರಿಯಾಗಿ ಸಿಗುವುದು ಪುಸ್ತಕದ ಮೊದಲ ಶೇ 10ರಷ್ಟು, ಗೂಗಲ್‌ನಲ್ಲಿ ಸಾಮಾನ್ಯವಾಗಿ ಶೇ 20. ಕನ್ನಡ ಸಂಕಲನದ ಲೆಕ್ಕ ಹಾಕಿ ನೋಡಿ. 160 ಪುಟದ ಪುಸ್ತಕದ ಶೇ 10 ಎಂದರೆ 16 ಪುಟ. ಶೀರ್ಷಿಕೆ, ಹಕ್ಕುಗಳು, ಅರ್ಪಣೆ, ಪರಿವಿಡಿಗೆ ಐದಾರು ಪುಟ ಹೋಯಿತು. ಹಿರಿಯರೊಬ್ಬರ ಮುನ್ನುಡಿ ಏಳೆಂಟು ಪುಟ, ಲೇಖಕರ ಮಾತು ಮೂರು. ಮೊದಲ ಕತೆಯ ಮೊದಲ ಸಾಲು ಬರುವಷ್ಟರಲ್ಲಿ ಮಾದರಿ ಮುಗಿದಿರುತ್ತದೆ. ಶೇ 20 ಆದರೆ 32 ಪುಟ, ಒಂದು ಕತೆ ಪೂರ್ತಿ ಸಿಗುತ್ತದೆ. ಮುನ್ನುಡಿ ಓದಿ ಕೊಳ್ಳಬೇಡಿ. ಕನ್ನಡದಲ್ಲಿ ಮೊದಲ ಪುಸ್ತಕವನ್ನು ಬೈದು ಮುನ್ನುಡಿ ಬರೆದವರು ತೀರಾ ಕಮ್ಮಿ. ಪರಿವಿಡಿಯಲ್ಲಿರುವ ಕತೆಯ ಹೆಸರನ್ನು ಲೇಖಕರ ಹೆಸರಿನ ಜೊತೆ ಅಂತರ್ಜಾಲದಲ್ಲಿ ಹುಡುಕಿದರೆ ಎಲ್ಲಾದರೂ ಮೊದಲು ಪ್ರಕಟವಾದದ್ದು ಸಿಗುವ ಸಂಭವ ಹೆಚ್ಚು, ಅದನ್ನು ಓದಿ ನಿರ್ಧರಿಸಿ.

ಮಾದರಿ ತೆರೆದಾಗ ಬರವಣಿಗೆಗಿಂತ ಮೊದಲು ಫೈಲನ್ನು ಪರೀಕ್ಷಿಸಿ. ಅಕ್ಷರ ದೊಡ್ಡದು ಮಾಡುವ ಗುಂಡಿ ಒತ್ತಿದಾಗ ಸಾಲುಗಳು ಪರದೆಗೆ ಹೊಂದಿಕೊಂಡು ಮತ್ತೆ ಜೋಡಣೆಯಾದರೆ ಅದು ಇಪಬ್, ಧೈರ್ಯವಾಗಿ ಕೊಳ್ಳಬಹುದು. ಆ ಗುಂಡಿಯೇ ಕೆಲಸ ಮಾಡದೆ ‘ಮೂಲ ಪುಟಗಳು’ ಮಾತ್ರ ಇದ್ದರೆ ಪಿಡಿಎಫ್. ಆಗ ಅಳತೆ ನೋಡಬೇಕು. ಕನ್ನಡದಲ್ಲಿ ಸಾಮಾನ್ಯವಾದ ಡೆಮಿ 1/8 ಆಕಾರದ ಪುಸ್ತಕದ ಪುಟ ಐದೂವರೆ ಇಂಚು ಅಗಲ. 6 ಇಂಚಿನ ಓದುಸಾಧನದ ಪರದೆ ಸುಮಾರು 3.6 ಇಂಚು ಅಗಲ. ಅಂದರೆ 12 ಪಾಯಿಂಟಿನ ಅಕ್ಷರ 8 ಪಾಯಿಂಟಿಗೆ ಇಳಿಯುತ್ತದೆ. ಆರೂವರೆ ಇಂಚಿನ ಫೋನಿನಲ್ಲಿ ಸುಮಾರು 6 ಪಾಯಿಂಟು. ಒತ್ತಕ್ಷರ ಇಲ್ಲದ ಇಂಗ್ಲಿಷಿಗೆ ಅದು ಹೇಗೋ ನಡೆದೀತು. ಕನ್ನಡದ ಒತ್ತುಗಳು ಅಷ್ಟರಲ್ಲಿ ಚುಕ್ಕಿಗಳಾಗುತ್ತವೆ, 40 ದಾಟಿದ ಕಣ್ಣಿಗೆ ಹತ್ತು ಪುಟವೇ ಸಾಕುಬೇಕಾಗುತ್ತದೆ. ಪಿಡಿಎಫ್ ಬಿಟ್ಟು ಬೇರೆ ಗತಿ ಇಲ್ಲದಿದ್ದರೆ ರೀಡ್ಎರಾ ಥರದ ಆ್ಯಪ್‌ನಲ್ಲಿ ಅಂಚು ಕತ್ತರಿಸುವ ಆಯ್ಕೆ ಬಳಸಿ. ಎರಡೂ ಬದಿ ಮುಕ್ಕಾಲು ಇಂಚು ಹೋದರೆ ಉಳಿಯುವುದು 4 ಇಂಚಿನ ಪಠ್ಯ, ಓದುಸಾಧನದಲ್ಲಿ ಶೇ 90ರಷ್ಟು ಗಾತ್ರ ಸಿಗುತ್ತದೆ. ಫೋನಿನಲ್ಲಾದರೆ ಅಡ್ಡ ತಿರುಗಿಸಿ ಹಿಡಿಯಬೇಕು.

ಇನ್ನೊಂದು ಪರೀಕ್ಷೆ ಲಿಪಿಯದು. ಒಂದು ಸಾಲು ನಕಲು ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡವೇ ಬಂದರೆ ಅದು ಯೂನಿಕೋಡ್, ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಡಿಟಿಪಿ ಮಾಡಿದ ಕಡತವನ್ನೇ ಪಿಡಿಎಫ್ ಮಾಡಿದ್ದಾರೆ ಎಂದರ್ಥ. ಓದಲು ತೊಂದರೆಯಿಲ್ಲ, ಆದರೆ ಪದ ಹುಡುಕಲಾಗದು, ಫೋನು ಅದನ್ನು ಓದಿ ಹೇಳಲಾರದು. ಕಣ್ಣು ಮಂಜಾದ ಅಪ್ಪ-ಅಮ್ಮನಿಗೆ ಫೋನಿನಿಂದ ಓದಿಸಬೇಕೆಂದಿದ್ದರೆ ಇಂಥದ್ದು ಬೇಡ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ತಿರುಗಿಸಿ ಮತ್ತೆ ನೋಡದೆ ಬಿಟ್ಟ ಪುಸ್ತಕಗಳೂ ಇವೆ: ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂತಿರುತ್ತದೆ, ಒತ್ತು ಕಳಚಿ ಬಿದ್ದಿರುತ್ತದೆ. ಮಾದರಿಯ ಮೂರು ಪುಟದಲ್ಲಿ ಇಂಥವು ಐದು ಸಿಕ್ಕರೆ ಉಳಿದ ಪುಸ್ತಕವೂ ಹಾಗೆಯೇ.

ಬಿಟ್ಟಿಯಾಗಿ ಸಿಗುವವು

ಇಲ್ಲಿ ನ್ಯಾಯವಾದದ್ದು, ಅಲ್ಲದ್ದು ಎರಡೂ ಬೆರೆತಿವೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ, ಲೆಕ್ಕ ಶುರುವಾಗುವುದು ಮರುವರ್ಷದಿಂದ. ಬಿ.ಎಂ.ಶ್ರೀ 1946ರಲ್ಲಿ ಹೋದರು, ಅವರ ಬರಹ 2006ರ ಕೊನೆಗೆ ಮುಕ್ತವಾಯಿತು. ಮೇಲುಕೋಟೆಯ ಪು.ತಿ.ನ. ಹೋದದ್ದು 1998ರಲ್ಲಿ, ಅವರದು 2058ರ ಕೊನೆಯವರೆಗೂ ಮುಕ್ತವಲ್ಲ. ಇಷ್ಟು ಗೊತ್ತಿದ್ದರೆ ಟೆಲಿಗ್ರಾಂ ಗುಂಪಿನಲ್ಲಿ ಬಂದ ಪಿಡಿಎಫ್ ಯಾವ ಜಾತಿಯದು ಎಂದು ಯಾರನ್ನೂ ಕೇಳಬೇಕಿಲ್ಲ. ಬದುಕಿರುವ ಲೇಖಕರ, ಕಳೆದ ವರ್ಷ ಬಂದ ಪುಸ್ತಕದ ಓರೆಯಾಗಿ ಸ್ಕ್ಯಾನ್ ಆದ ಪ್ರತಿ ಕಳ್ಳಮಾಲು. ಕೆಲವೇ ನೂರು ಪ್ರತಿ ಅಚ್ಚು ಹಾಕಿಸಿದ ಸ್ವತಂತ್ರ ಲೇಖಕರಿಗೆ ಅಂಥ ಒಂದು ಫೈಲ್ ಸಾಕು, ಎರಡನೆಯ ಮುದ್ರಣದ ಆಸೆ ಬಿಡಲು.

ನ್ಯಾಯವಾಗಿ ಸಿಗುವುದಕ್ಕೆ ಕನ್ನಡ ವಿಕಿಸೋರ್ಸ್ ಇದೆ, ಅಲ್ಲಿಂದ ಇಪಬ್ ಆಗಿಯೇ ಇಳಿಸಿಕೊಳ್ಳಬಹುದು. ಸರ್ಕಾರದ ಜ್ಞಾನಕೋಶ ತಾಣ ಕಣಜ ಇದೆ. ಇಂಟರ್‌ನೆಟ್ ಆರ್ಕೈವ್ ಇದೆ. ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವಕ್ಕೂ ಹಣವಿಲ್ಲ. ಹಳೆಯದಕ್ಕೆ, ಆಕರಕ್ಕೆ, ಓದುವ ಮಕ್ಕಳಿಗೆ ಇವೆಲ್ಲ ಚೆನ್ನ. ಹೊಸ ಲೇಖಕರನ್ನು ಇಲ್ಲಿ ಹುಡುಕುತ್ತಾ ಕೂತರೆ ಹೊತ್ತು ಹಾಳು.

ಯಾರಿಗೆ ಯಾವುದು

ದಿನವೂ ಮೈಸೂರು–ಮಂಡ್ಯ ರೈಲಿನಲ್ಲಿ ಓಡಾಡುವವರಿಗೆ 45 ಕಿಲೋಮೀಟರಿನ ಹಾದಿಯಲ್ಲಿ ಒಂದು ಸಣ್ಣಕತೆ ಆರಾಮವಾಗಿ ಮುಗಿಯುತ್ತದೆ. ಅವರಿಗೆ ಕಾದಂಬರಿಗಿಂತ ಸಂಕಲನ ಒಳ್ಳೆಯದು, ಗೂಗಲ್ ಪ್ಲೇ ಅಥವಾ ಮೈಲ್ಯಾಂಗ್‌ನಲ್ಲಿ. ಪುಸ್ತಕವನ್ನು ಮನೆಯ ವೈಫೈಯಲ್ಲೇ ಇಳಿಸಿಕೊಂಡು ಒಮ್ಮೆ ತೆರೆದು ನೋಡಿ ಹೊರಡಿ. ಪಟ್ಟಿಯಲ್ಲಿ ಮುಖಪುಟ ಕಂಡ ಮಾತ್ರಕ್ಕೆ ಪುಸ್ತಕ ಫೋನಿಗೆ ಇಳಿದಿದೆ ಎಂದಲ್ಲ, ಸಿಗ್ನಲ್ ಹೋದಾಗ ಅದು ಗೊತ್ತಾಗುತ್ತದೆ. ನಿಂತು ಪ್ರಯಾಣಿಸುವವರು ಕೇಳುವ ಪುಸ್ತಕಕ್ಕೆ ಹೋಗಬಹುದು.

ಹಣ ಖರ್ಚು ಮಾಡುವ ಮನಸ್ಸಿಲ್ಲದ, ಓದಲು ಹೊತ್ತಿರುವವರಿಗೆ ಪ್ರತಿಲಿಪಿ ಮತ್ತು ಅಂತರ್ಜಾಲ ಪತ್ರಿಕೆಗಳು ಸಾಕು. ಹೊತ್ತಿಲ್ಲದ, ವರ್ಷಕ್ಕೆ ನಾಲ್ಕಾರು ಪುಸ್ತಕ ಮಾತ್ರ ಕೊಳ್ಳುವವರು ಪುರಸ್ಕಾರದ ಪಟ್ಟಿಗಳನ್ನು ವರ್ಷಕ್ಕೆರಡು ಸಲ ನೋಡಿದರೆ ಆಯಿತು. ಓದುಗರ ಬಳಗ ನಡೆಸುವವರು, ಕಾಲೇಜಿನಲ್ಲಿ ಪಾಠ ಮಾಡುವವರು ಸಭಾಂಗಣದ ದಾರಿಯನ್ನೇ ಹಿಡಿಯಲಿ. ಲೇಖಕರನ್ನೇ ಕರೆಸಿ ಮಾತಾಡಿಸುವ ಅನುಕೂಲ ಬೇರೆ ಯಾವ ದಾರಿಯಲ್ಲೂ ಇಲ್ಲ.

ಯಾವ ಅಂಗಡಿಯಲ್ಲೂ ಇ-ಪುಸ್ತಕ ಸಿಗದಿದ್ದರೆ ಲೇಖಕರನ್ನೇ ಕೇಳುವುದು. ಹಕ್ಕುಗಳ ಪುಟದಲ್ಲಿ ಪ್ರಕಾಶಕರನ್ನು ಸಂಪರ್ಕಿಸುವ ದಾರಿ ಇದ್ದೇ ಇರುತ್ತದೆ, ಸ್ವಂತ ಪ್ರಕಾಶನವಾದರೆ ಫೋನೆತ್ತುವವರು ಅನೇಕ ವೇಳೆ ಲೇಖಕರೋ ಅವರ ಮನೆಯವರೋ. ‘ಸಾರ್, ನಿಮ್ಮ ಸಂಕಲನ ಇ-ಪುಸ್ತಕವಾಗಿ ಸಿಗುತ್ತಾ, ಬೆಲೆ ಎಷ್ಟು?’ ಎಂದು ಸಂದೇಶ ಕಳಿಸಿದರೆ ಬೇಡ ಎನ್ನುವವರು ಕಮ್ಮಿ. ಬೆಲೆಯನ್ನು ನೀವೇ ಕೇಳಿ, ಸಂಕೋಚಕ್ಕೆ ಬಿಟ್ಟಿ ಕಳಿಸುವವರೂ ಇದ್ದಾರೆ. ಯುಪಿಐಯಲ್ಲಿ ಹಣ ಹಾಕುವ ಮೊದಲು ಮೂರು ವಿಷಯ ತಿಳಿದುಕೊಳ್ಳಿ: ಇಪಬ್ ಇದೆಯೋ ಪಿಡಿಎಫ್ ಮಾತ್ರವೋ, ಯೂನಿಕೋಡಿನಲ್ಲಿದೆಯೋ, ತಿದ್ದಿದ ಕೊನೆಯ ಆವೃತ್ತಿಯೋ. ಮೂರನೆಯದನ್ನು ಕೇಳದಿದ್ದರೆ ಡಿಟಿಪಿಯವರು ಮೊದಲ ಕರಡಿಗೆಂದು ಕಳಿಸಿದ ಫೈಲೇ ನಿಮಗೂ ಬರಬಹುದು. ಬಂದ ಫೈಲನ್ನು ಗೂಗಲ್ ಪ್ಲೇ ಬುಕ್ಸ್‌ಗೆ ಏರಿಸಿಕೊಂಡರೆ ಕೊಂಡ ಪುಸ್ತಕಗಳ ಸಾಲಿನಲ್ಲೇ ಕೂರುತ್ತದೆ, ಓದಿ ನಿಲ್ಲಿಸಿದ ಪುಟವೂ ನೆನಪಿರುತ್ತದೆ. ಇಪಬ್ ಆದರೆ ಕಿಂಡಲ್‌ಗೂ ಕಳಿಸಿಕೊಳ್ಳಬಹುದು, 2022ರಿಂದ ಅದು ಇಪಬ್ ಸ್ವೀಕರಿಸುತ್ತದೆ. ಕನ್ನಡ ಅಕ್ಷರ ಸರಿಯಾಗಿ ಮೂಡುತ್ತದೆಯೇ ಎಂದು ಒಂದು ಅಧ್ಯಾಯ ತೆರೆದು ನೋಡಿಕೊಂಡು ಆಮೇಲೆ ಓದಲು ಕೂರಿ.